ಸೊನ್ನೆಗೆ ಸೊನ್ನೆ ಸಮ

ಎಡಗೆನ್ನೆಯ ಗಡ್ಡ ಹೆರೆದು ಮುಗಿದಿತ್ತು, ಬಲಗೆನ್ನೆಯ ನೊರೆ ಇನ್ನೂ ಒಣಗಿರಲಿಲ್ಲ, ಆಗ ಫೋನು ಬಂತು. ಗುರುತಿಲ್ಲದ ನಂಬರು. ಎತ್ತದೆ ಬಿಡೋಣವೆಂದುಕೊಂಡವನು ಯಾಕೋ ಎತ್ತಿದ. ಹೆಣ್ಣು ದನಿ, ಅಳುಕುವ ದನಿ, ತಾನು ಇಂಥ ಕಂಪನಿಯ ಎಂಜಿನಿಯರ್ ಎಂದಿತು. ಅವನು ಹನ್ನೊಂದು ವರ್ಷದ ಹಿಂದೆ ಬಿಟ್ಟುಬಂದಿದ್ದ ಕಂಪನಿ. ಆಸ್ಪತ್ರೆಯಲ್ಲಿ ಮಲಗಿದವರ ಮೈಗೆ ಔಷಧಿಯನ್ನು ಹನಿ ಹನಿಯಾಗಿ ಬಿಡುವ ಯಂತ್ರ ಮಾಡುವವರು. ಯಂತ್ರಕ್ಕೆ ಹೊಸ ಪ್ರೊಸೆಸರ್ ಹಾಕುತ್ತಿದ್ದಾರಂತೆ. ಬೆಳಿಗ್ಗೆ ಪ್ರೋಗ್ರಾಮನ್ನು ಕಂಪೈಲ್ ಮಾಡಹೊರಟರೆ, ಅಂದರೆ ಅದಕ್ಕೆ ತಿಳಿಯುವ ಭಾಷೆಗೆ ಇಳಿಸಹೊರಟರೆ, ಅರ್ಧಕ್ಕೇ ನಿಂತುಬಿಟ್ಟಿತಂತೆ. ಹಳೆಯ ಫೈಲೊಂದರಿಂದ ಒಂದು ಸಾಲು ಸ್ಕ್ರೀನಿನ ಮೇಲೆ ಬಂದಿದೆಯಂತೆ. ಅವನು ರೇಜರು ಕೆಳಗಿಟ್ಟ. ಏನಿದೆ ಆ ಸಾಲಿನಲ್ಲಿ, ಓದಿ, ಎಂದ. ಬಾಯಿಪಾಠವಾಗಿದ್ದ ಸಾಲು. ಆದರೂ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು. ಅವಳು ಹಿಂದೆಮುಂದೆ ನೋಡಿದಳು. ಓದಿ ಪರವಾಗಿಲ್ಲ ಎಂದು ಎರಡು ಸಲ ಹೇಳಿದ ಮೇಲೆ, ಶಾಲೆಯಲ್ಲಿ ಎದ್ದು ನಿಂತು ಓದುವವರ ಹಾಗೆ, ಒಂದೇ ಉಸಿರಿಗೆ ಓದಿದಳು:

"ಈ ಪ್ರೊಸೆಸರ್ ಯಾವುದೆಂದು ಗೊತ್ತಿಲ್ಲ. ಎಡಬಲ ಗೊತ್ತಿರುವ ಮೇಷ್ಟ್ರನ್ನೇ ಕೇಳಿ. ಈ ಫೈಲು ಬರೆದವನು ಎಡಬಿಡಂಗಿ. ಅದರ ಮೇಲೆ ತನ್ನ ಹೆಸರು ಹಾಕಿಕೊಂಡವನು ಕಳ್ಳ."

ಮೇಷ್ಟ್ರು ಎಂದರೆ ಆಗ ಅವನ ಮೇಲಿದ್ದ ಹಿರಿಯ ಎಂಜಿನಿಯರು, ಆಫೀಸಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವನು, ಆದಷ್ಟು ಸಹಜವಾಗಿ, ಮೇಷ್ಟ್ರು ನೋಡಿದರಾ ಎಂದು ಕೇಳಿದ. ನೋಡಿದರು, ಪಕ್ಕದಲ್ಲೇ ನಿಂತಿದ್ದರು, ಎಂದಳು. ಬೇರೆ ಯಾರಿದ್ದರು? ಆರು ಜನ ಇದ್ದೆವು. ಮೇಷ್ಟ್ರು ಏನೆಂದರು? ನಂಬರು ಕೊಟ್ಟು, ಇವನನ್ನು ಕರೆಸು, ಇವತ್ತೇ ಬರಲಿ ಎಂದರು. ಇವತ್ತು ಅವರ ಕೆಲಸದ ಕೊನೆಯ ದಿನ. ಆರು ಜನ. ಕೊನೆಯ ದಿನ. ಇಷ್ಟು ವರ್ಷ ಕಾದದ್ದಕ್ಕೆ ಯಾರೋ ಬಡ್ಡಿ ಸಮೇತ ತೀರಿಸಿದ ಹಾಗಿತ್ತು. ಫೋನಿಟ್ಟು ಕನ್ನಡಿ ನೋಡಿಕೊಂಡರೆ ಅರ್ಧ ಮುಖ ಬೋಳು, ಅರ್ಧ ಮುಖ ಬೆಳ್ಳಗೆ, ಹಲ್ಲು ಮಾತ್ರ ಪೂರ್ತಿ ಕಾಣುತ್ತಿತ್ತು. ಬಲಗೆನ್ನೆಯನ್ನು ಅವಸರದಲ್ಲಿ ಹೆರೆಯಹೋಗಿ ದವಡೆಯ ಹತ್ತಿರ ಕೊಯ್ದುಕೊಂಡ.

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ ಹೊರಟು ನಿಂತಿದ್ದಳು. ಇವನು ಬೀರು ತೆಗೆದು ಇಸ್ತ್ರಿಯ ಮಡಿಕೆ ಬಿಚ್ಚದ ನೀಲಿ ಅಂಗಿ ಹಾಕಿಕೊಳ್ಳುವುದನ್ನು ನೋಡಿ, "ಏನ್ರೀ, ಯಾರ ಮದ್ವೆ?" ಎಂದಳು. ಹಳೆಯ ಆಫೀಸಿನಲ್ಲಿ ಒಬ್ಬರು ರಿಟೈರ್ ಆಗುತ್ತಿದ್ದಾರೆ ಎಂದ. ಪಾಪ, ನೆನಪಿಟ್ಟು ಕರೆದಿದ್ದಾರಲ್ಲ, ಎಂದು ಅವಳು ಹತ್ತಿಯ ಚೂರು ತಂದು ಅವನ ದವಡೆಗೆ ಒತ್ತಿದಳು. ತನ್ನ ಗಂಡನ ಬಾಯಲ್ಲಿ ಬೆರಳಿಟ್ಟರೂ ಕಚ್ಚುವವನಲ್ಲ ಎಂದು ಅಕ್ಕತಂಗಿಯರ ಹತ್ತಿರ ಹೇಳಿಕೊಂಡು ತಿರುಗುವವಳು. ಅವಳಿಗೆ ಅವನು ಆ ಸಾಲಿನ ವಿಷಯ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದಳೋ ಹೆದರುತ್ತಿದ್ದಳೋ. ಹಲ್ಲುಜ್ಜುವಾಗ, ತಾನೀಗ ಕೆಲಸ ಮಾಡುವ ತೂಕದ ಯಂತ್ರ ರಿಪೇರಿಯ ಅಂಗಡಿಯಲ್ಲಿ ಯಾರದೋ ತಕ್ಕಡಿ ಬಿಚ್ಚಿ ಕೂತಾಗ, ಅವಳ ಪಕ್ಕ ಮಲಗಿ ನಿದ್ದೆ ಹತ್ತುವ ಮುಂಚೆ, ಅವನು ಆ ಸಾಲನ್ನು ಮನಸ್ಸಿನಲ್ಲೇ ಒಂದು ಸಲ ಓದಿಕೊಳ್ಳುತ್ತಿದ್ದ. ಎಲ್ಲಿಯೋ ಒಂದು ಕಡೆ ಅದು ತನ್ನ ಪಾಡಿಗೆ ತಾನು ಕಾಯುತ್ತಿದೆ ಎಂಬುದೇ ಅವನ ಸಮಾಧಾನವಾಗಿತ್ತು. ಸಂಜೆ ತರಕಾರಿ ತರುತ್ತೀರಲ್ಲ ಎಂದಳು. ತರುತ್ತೇನೆ ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವರು ಯಾವುದೋ ಪಾರ್ಸಲನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅದರ ಮೇಲಿನ ವಿಳಾಸ ಅವನ ಕಣ್ಣಿಗೆ ಬಿತ್ತು. ಹೆಸರು ಮೊದಲು, ಬೀದಿ ಆಮೇಲೆ, ಊರು ಕೊನೆಗೆ. ಊರನ್ನು ಮೊದಲು ಬರೆದು ಹೆಸರನ್ನು ಕೊನೆಗೆ ಬರೆಯುವ ದೇಶಗಳೂ ಇವೆಯಂತೆ. ಎರಡರಲ್ಲಿ ಯಾವುದೂ ತಪ್ಪಲ್ಲ, ಓದುವವನಿಗೆ ಕ್ರಮ ಗೊತ್ತಿದ್ದರೆ ಸಾಕು. ಪ್ರೊಸೆಸರುಗಳೂ ಹಾಗೆಯೇ. ಒಂದು ಸಂಖ್ಯೆಯನ್ನು ಎರಡು ತುಂಡು ಮಾಡಿ ಇಡಬೇಕಾದಾಗ ಕೆಲವು ದೊಡ್ಡ ತುಂಡನ್ನು ಮೊದಲಿಡುತ್ತವೆ, ಕೆಲವು ಚಿಕ್ಕದನ್ನು. ಒಂದು ಇಟ್ಟದ್ದನ್ನು ಇನ್ನೊಂದರ ಕ್ರಮದಲ್ಲಿ ಓದಿದರೆ ಎರಡು ಎಂಬುದು ಐನೂರ ಹನ್ನೆರಡಾಗುತ್ತದೆ. ಆಗಿತ್ತು. ಡಾಕ್ಟರುಗಳ ಮುಂದೆ. ಹನ್ನೆರಡು ವರ್ಷದ ಹಿಂದೆ, ಯಂತ್ರ ತೋರಿಸುವ ದಿನ, ನಿಮಿಷಕ್ಕೆ ಎರಡು ಎಂ.ಎಲ್. ಎಂದು ಒತ್ತಿದರೆ ನೀರು ನಲ್ಲಿ ತಿರುಗಿಸಿದ ಹಾಗೆ ಸುರಿದು, ಗಾಜಿನ ಜಾಡಿ ತುಂಬಿ, ಮೇಜಿನಿಂದ ಇಳಿದು ಒಬ್ಬ ಡಾಕ್ಟರ ಬೂಟಿನವರೆಗೆ ಹರಿದಿತ್ತು. ಹಿಂದಿನ ದಿನ ಸಂಜೆ ಮೇಷ್ಟ್ರೇ ಯಾರಿಗೂ ಹೇಳದೆ ಯಂತ್ರದ ಬೋರ್ಡು ಬದಲಾಯಿಸಿದ್ದರು. ಹೊಸ ಬೋರ್ಡಿನ ಪ್ರೊಸೆಸರು ತಿರುಗಾಮುರುಗಾ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಡಾಕ್ಟರುಗಳ ಕಡೆ ತಿರುಗಿ ನಕ್ಕು, ಇವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನಮ್ಮ ಹುಡುಗ ಒಳ್ಳೆಯವನೇ. ಆದ್ರೆ ಎಡಬಿಡಂಗಿ. ಎಡ ಯಾವುದು ಬಲ ಯಾವುದು ಅಂತ ನಾವೇ ಹೇಳ್ಕೊಡ್ಬೇಕು." ಡಾಕ್ಟರುಗಳು ನಕ್ಕರು. ನರ್ಸ್ ಒಬ್ಬಳು ಒರೆಸುವ ಬಟ್ಟೆ ತಂದು, ಯಾರಿಗೆ ಕೊಡುವುದೆಂದು ಸುತ್ತ ನೋಡಿ, ಅವನ ಕೈಗೇ ಕೊಟ್ಟಳು. ಅವನು ಮಂಡಿಯೂರಿ ಕೂತು ನೆಲ ಒರೆಸಿದ. ಒರೆಸಿದ್ದೇ ತಪ್ಪಾಯಿತು, ಬಟ್ಟೆಯನ್ನು ಅಲ್ಲೇ ಬಿಸಾಕಿ ಎದ್ದುಬರಬೇಕಿತ್ತು. ಕಂಡಕ್ಟರ್ ಟಿಕೆಟ್ ಎಂದು ಎರಡನೆಯ ಸಲ ಕೇಳಿದಾಗ ಅವನು ಬೆಚ್ಚಿದ.

ಆವತ್ತಿನಿಂದ ಆಫೀಸಿನಲ್ಲಿ ಅದೇ ಅವನ ಹೆಸರಾಯಿತು. ಎಡಬಿಡಂಗಿ ಬಂದನಾ, ಎಡಬಿಡಂಗಿಯ ಮೇಜು ಯಾವುದು. ಕ್ಯಾಂಟೀನಿನವನೂ, ಪಾಪ, ಅದೇ ನಿಜವಾದ ಹೆಸರೆಂದುಕೊಂಡು ಮರ್ಯಾದೆಯಿಂದ ಎಡಬಿಡಂಗಿಯವರೇ ಎಂದು ಕರೆಯುತ್ತಿದ್ದ. ಹಲ್ಲು ಕಚ್ಚಿಕೊಂಡು ಮೂರು ವಾರ ಕೂತು ಅವನು ಆ ಫೈಲು ಬರೆದದ್ದು. ಯಂತ್ರ ಓಡುವಾಗ ತಪ್ಪು ಕಂಡುಹಿಡಿದು ಪ್ರಯೋಜನವಿಲ್ಲ, ಅಷ್ಟರಲ್ಲಿ ಔಷಧಿ ಮೈಯೊಳಗೆ ಹೋಗಿರುತ್ತದೆ. ಪ್ರೋಗ್ರಾಮು ಕಂಪೈಲ್ ಆಗುವಾಗಲೇ ನೀನು ಯಾರಯ್ಯಾ, ಯಾವ ಜಾತಿಯ ಪ್ರೊಸೆಸರು, ದೊಡ್ಡದು ಮೊದಲೋ ಚಿಕ್ಕದು ಮೊದಲೋ ಎಂದು ಕೇಳಿಬಿಡಬೇಕು. ಒಂದೊಂದು ಪ್ರೊಸೆಸರಿನ ಕಂಪೈಲರೂ ತನ್ನದೊಂದು ಗುರುತಿನ ಹೆಸರು ಇಟ್ಟುಕೊಂಡಿರುತ್ತದೆ. ಅಂಥ ಹತ್ತೊಂಬತ್ತು ಪ್ರೊಸೆಸರುಗಳ ಗುರುತುಗಳನ್ನು ಹಳೆಯ ಕೈಪಿಡಿಗಳಿಂದ ಹೆಕ್ಕಿ ಹೆಕ್ಕಿ ಸಾಲಾಗಿ ಜೋಡಿಸಿದ್ದ. ಮೇಷ್ಟ್ರು ನೋಡಿ, ಭೇಷ್ ಎಂದು ಬೆನ್ನು ತಟ್ಟಿ, ಮಾರನೆಯ ದಿನ ಫೈಲಿನ ನೆತ್ತಿಯ ಮೇಲೆ ಬರೆದವರು ಎಂಬಲ್ಲಿ ತಮ್ಮ ಹೆಸರು ಹಾಕಿಕೊಂಡು ಮೇಲಿನವರಿಗೆ ತೋರಿಸಿದರು. ಅದೇ ವರ್ಷ ಅವರಿಗೆ ಗಾಜಿನ ಕೋಣೆ ಸಿಕ್ಕಿತು. ಕೈ ಕೆಸರಾದದ್ದು ಇವನದು, ಬಾಯಿ ಮೊಸರಾದದ್ದು ಅವರದು. ಕೆಲಸ ಬಿಡುವ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವನು ಆ ಫೈಲನ್ನು ತೆರೆದು ಕೊನೆಗೆ ಹೋದ. ಹತ್ತೊಂಬತ್ತರಲ್ಲಿ ಒಂದೂ ಅಲ್ಲದಿದ್ದರೆ ಕಂಪೈಲ್ ನಿಲ್ಲಿಸು ಎಂದಿದ್ದ ಕಡೆ, ನಿಲ್ಲಿಸಿ ಹೇಳಬೇಕಾದ ಮಾತನ್ನು ಬದಲಾಯಿಸಿದ. ಕೇಳುವ ಪ್ರಶ್ನೆಗಳನ್ನೂ ಆವತ್ತೇ ಅವಸರದಲ್ಲಿ ಒಂದಿಷ್ಟು ಚುಟುಕು ಮಾಡಿದ್ದ. ಗೊತ್ತಿರುವ ಪ್ರೊಸೆಸರು ಇರುವವರೆಗೂ ಆ ಸಾಲನ್ನು ಯಾರೂ ನೋಡುವುದಿಲ್ಲ. ಎಂದೋ ಒಂದು ದಿನ ಗೊತ್ತಿಲ್ಲದ್ದೊಂದು ಬರುತ್ತದೆ, ಅವತ್ತು ಮೇಷ್ಟ್ರ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ. ಹನ್ನೊಂದು ವರ್ಷ ಯಾವ ಪ್ರೊಸೆಸರೂ ಅವನ ಮೇಲೆ ಕರುಣೆ ತೋರಿಸಲಿಲ್ಲ.

ಕಂಪನಿಯ ಕಟ್ಟಡಕ್ಕೆ ಹೊಸ ಬಣ್ಣ ಹೊಡೆದಿದ್ದರು. ಒಳಗೆ ಮೇಜಿನ ಹಿಂದೆ ಕೂತವಳು ಒಂದು ಚೀಟಿ ಮುಂದಿಟ್ಟಳು. ಬಂದವರ ಹೆಸರು, ಯಾರನ್ನು ಕಾಣಬೇಕು, ಕಾರಣ. ಹೆಸರು ಬರೆದ. ಮೇಷ್ಟ್ರ ಹೆಸರು ಬರೆದ. ಕಾರಣದ ಹತ್ತಿರ ಪೆನ್ನು ನಿಂತಿತು. ಸೇಡು ಎಂದು ಬರೆಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿ ನಗು ಬಂತು. ಅವಳೇ ಚೀಟಿ ಎಳೆದುಕೊಂಡು 'ಸ್ವಂತ' ಎಂದು ಬರೆದು, ಹೋಗುವಾಗ ಇದಕ್ಕೆ ಏನೋ ಮಾಡಿಸಿಕೊಂಡು ಬನ್ನಿ ಎಂದಳು. ಅದು ಅವನ ಕಿವಿಗೆ ಅರ್ಧಂಬರ್ಧ ಬಿತ್ತು, ಗಮನ ಗೋಡೆಯ ಕಡೆಗಿತ್ತು. ಗಾಜಿನ ಪೆಟ್ಟಿಗೆಯೊಳಗೆ ಅವತ್ತಿನ ಆ ಹಳೆಯ ಯಂತ್ರ ಇಟ್ಟಿದ್ದರು, ಕೆಳಗೆ 'ನಮ್ಮ ಮೊದಲ ಹೆಜ್ಜೆ' ಎಂದು ಬರೆಸಿದ್ದರು. ನೀರು ಹರಿದದ್ದನ್ನಾಗಲಿ ಒರೆಸಿದವನನ್ನಾಗಲಿ ಯಾರೂ ಬರೆಸಿರಲಿಲ್ಲ. ಹೇಳಬೇಕಾದ ಮಾತನ್ನು ಅವನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ. ಜೋರಾಗಿ ಹೇಳಬಾರದು. ಮೇಷ್ಟ್ರು ಅವತ್ತು ಮಾಡಿದ ಹಾಗೆ ಹೆಗಲ ಮೇಲೆ ಕೈಯಿಟ್ಟು, ನಗುತ್ತಾ, ಆರು ಜನಕ್ಕೂ ಕೇಳುವಂತೆ: ಏನ್ ಮೇಷ್ಟ್ರೇ, ಎಡ ಯಾವುದು ಬಲ ಯಾವುದು ಗೊತ್ತಾಯ್ತಾ?

ಫೋನು ಮಾಡಿದ್ದವಳು ಬಂದು ಕರೆದುಕೊಂಡು ಹೋದಳು. ಮೂವತ್ತರೊಳಗಿನ ವಯಸ್ಸು, ಕಿವಿಯ ಹಿಂದೆ ಪೆನ್ಸಿಲ್. ದಾರಿಯಲ್ಲಿ, ಸಾರ್, ಆ ಸಾಲು ಓದಿದಾಗ ಮೊದಲು ನನಗೇ ಬೈದ ಹಾಗಿತ್ತು ಎಂದಳು. ಮೇಲೆ ಲ್ಯಾಬಿನಲ್ಲಿ ಆರು ಜನರಿರಲಿಲ್ಲ, ಊಟದ ಹೊತ್ತು, ಯಾರೂ ಇರಲಿಲ್ಲ. ಅವನಿಗೆ ಕಸಿವಿಸಿಯಾಯಿತು. ಸ್ಕ್ರೀನಿನ ಮೇಲೆ ಫೈಲು ತೆರೆದಿತ್ತು. ಅವನ ಸಾಲು, ಅವನ ಮಾತು, ಒಂದಕ್ಷರ ಬಿಡದೆ ಅಲ್ಲೇ ಇತ್ತು. ಅದರ ಮೇಲುಗಡೆ ಅವನದಲ್ಲದ ನಾಲ್ಕು ಸಾಲುಗಳಿದ್ದವು. ಅವನ್ನು ಓದಿದ. ಮತ್ತೆ ಓದಿದ. ಒಂಬತ್ತು ವರ್ಷದ ಹಿಂದಿನ ತಾರೀಖು, ಅದರ ಪಕ್ಕ ಒಂದು ಟಿಪ್ಪಣಿ: 'ಪ್ರಶ್ನೆ ತಪ್ಪಿತ್ತು, ತಿದ್ದಿದ್ದೇನೆ. ಕೊನೆಯ ಮಾತು ಹಾಗೇ ಇರಲಿ. ಯಾರೂ ಅಳಿಸಬಾರದು.' ಕೆಳಗೆ ಮೇಷ್ಟ್ರ ಹೆಸರು.

ತಪ್ಪು ಏನೆಂದು ತಿಳಿಯಲು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೆಸರೇ ಕೇಳಿರದ ಯಾವುದನ್ನೇ ಆಗಲಿ ಕಂಪೈಲರು ಸೊನ್ನೆ ಎಂದುಕೊಳ್ಳುತ್ತದೆ. ಅವತ್ತು ಅವಸರದಲ್ಲಿ ಅವನು ಚುಟುಕು ಮಾಡಿದ ಮೊದಲನೆಯ ಪ್ರಶ್ನೆ ಇದು: ಈ ಪ್ರೊಸೆಸರಿನ ಕ್ರಮವೂ 'ಚಿಕ್ಕದು ಮೊದಲು' ಎಂಬ ಕ್ರಮವೂ ಒಂದೇ ಏನು? ಗೊತ್ತಿಲ್ಲದ ಪ್ರೊಸೆಸರು ಬಂದಾಗ ಈ ಎರಡು ಹೆಸರೂ ಅಲ್ಲಿರುವುದಿಲ್ಲ. ಅದೂ ಸೊನ್ನೆ, ಇದೂ ಸೊನ್ನೆ. ಸೊನ್ನೆಗೆ ಸೊನ್ನೆ ಸಮ. ಒಂದೇ, ಹೌದು, ಮುಂದೆ ಹೋಗು ಎಂದುಬಿಡುತ್ತದೆ. ಅವನ ಬೈಗುಳದವರೆಗೆ ಕಂಪೈಲರು ಬರುವ ಮಾತೇ ಇರಲಿಲ್ಲ. ಇವತ್ತಿನ ಹೊಸ ಪ್ರೊಸೆಸರು ದೊಡ್ಡದು ಮೊದಲಿನದು. ಮೇಷ್ಟ್ರು ತಿದ್ದದಿದ್ದರೆ ಪ್ರೋಗ್ರಾಮು ಸದ್ದಿಲ್ಲದೆ ಕಂಪೈಲ್ ಆಗಿ, ಯಂತ್ರದೊಳಗೆ ಕೂತು, ಎಲ್ಲೋ ಒಂದು ಹಾಸಿಗೆಯಲ್ಲಿ ಮಲಗಿದವರಿಗೆ ಎರಡರ ಬದಲು ಐನೂರ ಹನ್ನೆರಡು ಬಿಡುತ್ತಿತ್ತು. ಹಲ್ಲುಜ್ಜುವಾಗ ಎರಡು ವರ್ಷ ಅವನು ಮನಸ್ಸಿನಲ್ಲೇ ಸವಿದದ್ದು ಏನೂ ಇಲ್ಲದ ಒಂದು ಸಾಲನ್ನು. ಆಮೇಲಿನ ಒಂಬತ್ತು ವರ್ಷ ಸವಿದದ್ದು ಮೇಷ್ಟ್ರು ರಿಪೇರಿ ಮಾಡಿಕೊಟ್ಟದ್ದನ್ನು. ತನ್ನನ್ನು ಕಳ್ಳ ಎಂದು ಬೈದ ಮಾತು ಸರಿಯಾಗಿ ಬಂದು ತಗಲುವಂತೆ ಆ ಮನುಷ್ಯ ಕೂತು ತಿದ್ದಿದ್ದ. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ತನ್ನ ಸೇಡನ್ನೂ ಇವರೇ ತಿದ್ದಬೇಕಾಗಿತ್ತೇ ಎಂದು ಕೋಪವೂ ಬಂತು.

ಮೇಷ್ಟ್ರು ಒಳಗೆ ಬಂದರು. ಕುಗ್ಗಿದ್ದರು. ಕೈಯಲ್ಲಿ ಊಟದ ಡಬ್ಬಿ ಇತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಕೂತರು. ಬಂದೆಯಾ ಎಂದರು. ಬಂದೆ ಎಂದ. ಸಿದ್ಧಮಾಡಿಕೊಂಡಿದ್ದ ಮಾತು ನಾಲಿಗೆಯ ಮೇಲಿತ್ತು, ಕೈಯನ್ನು ಹೆಗಲಿನ ಮೇಲಿಡಲು ಅವನು ಒಂದು ಹೆಜ್ಜೆ ಮುಂದೆಯೂ ಇಟ್ಟ.

"ಕಳ್ಳ ಅಂದಿದ್ದು ಸರಿ ಕಣಯ್ಯ," ಎಂದರು ಮೇಷ್ಟ್ರು. "ಪ್ರಶ್ನೆ ಒಂದು ತಪ್ಪಿತ್ತು ಅಷ್ಟೆ."

ಆಗಲೇ ಹೆಸರು ಬದಲಾಯಿಸಬಹುದಿತ್ತಲ್ಲ ಎಂದು ಕೇಳಿದ. ತನ್ನ ದನಿ ಹುಡುಗನ ದನಿಯ ಹಾಗೆ ಕೇಳಿಸಿ ಮೈ ಉರಿಯಿತು. ಆಗ ಧೈರ್ಯವಿರಲಿಲ್ಲ ಎಂದರು ಮೇಷ್ಟ್ರು. ಹೊಸ ಪ್ರೊಸೆಸರು ಬರಲಿ, ಎಲ್ಲರೆದುರಿಗೂ ನಿಜ ತಾನಾಗೇ ಹೊರಬೀಳಲಿ ಎಂದುಕೊಂಡು ಕಾದರಂತೆ. ಬರಲೇ ಇಲ್ಲವಂತೆ. ಇವತ್ತು ಬಂತು, ಇವತ್ತು ಹೇಗೂ ಮನೆಗೆ ಹೋಗುವ ದಿನ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಅವನು ಒಳಗೇ ಅಂದುಕೊಂಡ. ಆದರೂ ಎದುರಿಗೆ ಕೂತವರ ಕುತ್ತಿಗೆಯ ಸುಕ್ಕು, ಡಬ್ಬಿ ಹಿಡಿದ ಬೆರಳುಗಳು ಕಾಣುತ್ತಿದ್ದವು. ಅವರೂ ಒಂಬತ್ತು ವರ್ಷ ಇದೇ ಸಾಲಿಗೆ ಕಾದಿದ್ದರು ಎನ್ನುವುದು ಅವನೊಳಗೆ ಎಲ್ಲೋ ಒಂದು ಗಂಟನ್ನು ಸಡಿಲ ಮಾಡುತ್ತಿತ್ತು. ಹೋಗಲಿ ಬಿಡಿ ಮೇಷ್ಟ್ರೇ ಎನ್ನುವ ಮಾತು, ಅವನಿಗೆ ಇಷ್ಟವಿಲ್ಲದಿದ್ದರೂ, ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮೇಷ್ಟ್ರು ಎಂಜಿನಿಯರಿಗೆ, ಅಮ್ಮಾ, ಮೇಲಿನ ನನ್ನ ಹೆಸರು ತೆಗೆದು ಇವನದು ಹಾಕು ಎಂದರು. ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದಳು. ಮೇಷ್ಟ್ರು ಅವನ ಮುಖ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು.

"ನಿನ್ನ ಹೆಸರು..." ಎಂದರು.

ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಇವಳು ಹೆಸರು ಹೇಳಿ ಮಾತಾಡಿಸಿರಲಿಲ್ಲ ಎಂಬುದು ಈಗ ಅವನಿಗೆ ಹೊಳೆಯಿತು. ಅವಳು ತಲೆ ತಗ್ಗಿಸಿದ್ದಳು. ಮೇಷ್ಟ್ರ ಫೋನಿನಲ್ಲಿ ಅವನ ನಂಬರು ಯಾವ ಹೆಸರಿನಲ್ಲಿ ಇದ್ದಿರಬಹುದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ತಾನು ನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವನು, ಅವರು ಒಂಬತ್ತು ವರ್ಷ ಪಶ್ಚಾತ್ತಾಪಪಟ್ಟು ಕಾದವರು, ಹೆಸರು ಮಾತ್ರ ಗೊತ್ತಿಲ್ಲ. ಸಡಿಲವಾಗುತ್ತಿದ್ದ ಗಂಟು ಮತ್ತೆ ಬಿಗಿಯಾಯಿತು. ಹೆಗಲ ಮೇಲೆ ಕೈಯಿಡುವುದೂ ಬೇಡ, ನಗುವುದೂ ಬೇಡ, ಇವರಿಗೆ ಬೇಕಾದದ್ದನ್ನು ಕೊಡದಿದ್ದರೆ ಸಾಕು ಎಂಬುದು ಅವನಿಗೆ ತಟ್ಟನೆ ತಿಳಿಯಿತು. ಹನ್ನೊಂದು ವರ್ಷದಲ್ಲಿ ಇಷ್ಟು ಸುಲಭದ ದಾರಿ ಅವನಿಗೆ ಹೊಳೆದಿರಲಿಲ್ಲ.

"ನನ್ನ ಹೆಸರು ಬೇಡ," ಎಂದ. "ನೀವೇ ಹಾಕ್ಕೊಂಡಿದ್ದು. ನಿಮ್ಮ ಹೆಸರಲ್ಲೇ ಇರ್ಲಿ. ನೀವು ಹೋದ್ಮೇಲೂ ಇರ್ಲಿ."

ಮೇಷ್ಟ್ರ ಮುಖ ಇಳಿಯಿತು. ಅದನ್ನು ಅವನು ಕಣ್ಣು ತುಂಬ ನೋಡಿದ. ಬೇಡ ಕಣಯ್ಯ, ಹಾಗನ್ನಬೇಡ, ಇದೊಂದು ಭಾರ ಇಳಿಸಿ ಹೋಗುತ್ತೇನೆ ಎಂದು ಅವರು ಇನ್ನೂ ಏನೇನೋ ಹೇಳುತ್ತಿದ್ದರು. ಅವನು ಬೆನ್ನು ತಿರುಗಿಸಿ ಹೊರಟ. ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು. ಗಾಜಿನ ಪೆಟ್ಟಿಗೆಯ ಯಂತ್ರದ ಮುಂದೆ ಒಂದು ಗಳಿಗೆ ನಿಂತು, ನೋಡಿದೆಯಾ ಎಂಬಂತೆ ತಲೆ ಆಡಿಸಿದ. ಹೆಂಡತಿಗೆ ಇವತ್ತು ಎಲ್ಲವನ್ನೂ ಹೇಳಿಬಿಡಬೇಕು, ಬಾಯಲ್ಲಿ ಬೆರಳಿಟ್ಟರೆ ಕಚ್ಚುತ್ತೇನೆ ಎಂದು ಅವಳಿಗೂ ಗೊತ್ತಾಗಲಿ, ಎಂದುಕೊಂಡು ಗೇಟಿನ ಹತ್ತಿರ ಚೀಟಿ ಚಾಚಿದ.

ಗೇಟಿನ ಕಾವಲಿನವನು ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಸಹಿ ಇಲ್ಲವಲ್ಲ ಎಂದ. ಯಾರ ಸಹಿ? ಯಾರನ್ನು ನೋಡಲು ಬಂದಿರೋ ಅವರದು. ಅದಿಲ್ಲದೆ ಬಿಡುವ ಹಾಗಿಲ್ಲ, ನನ್ನ ಕೆಲಸ ಹೋಗುತ್ತದೆ. ಅವನು ವಾದ ಮಾಡಿದ, ದನಿ ಏರಿಸಿದ, ತಾನು ಇಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು ಎಂದ. ಕಾವಲಿನವನು ಬೇಜಾರು ಮಾಡಿಕೊಳ್ಳದೆ, ಎರಡು ನಿಮಿಷದ ಕೆಲಸ, ಹೋಗಿ ಹಾಕಿಸಿಕೊಂಡು ಬನ್ನಿ ಎಂದ. ಹಿಂದೆ ಯಾವುದೋ ಲಾರಿ ಹಾರ್ನ್ ಹೊಡೆಯುತ್ತಿತ್ತು. ಹಳೇ ಗಂಡನ ಪಾದವೇ ಗತಿ ಎನ್ನುವ ಗಾದೆ ಈ ಹೊತ್ತಿನಲ್ಲೇ ನೆನಪಿಗೆ ಬರಬೇಕೇ. ಅಷ್ಟು ಚೆನ್ನಾಗಿ ಇಳಿದುಬಂದಿದ್ದ ಮೆಟ್ಟಿಲುಗಳನ್ನು ಅವನು ಒಂದೊಂದಾಗಿ ಮತ್ತೆ ಹತ್ತಿದ. ನೀಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದವಡೆಯ ಗಾಯ ಉರಿಯುತ್ತಿತ್ತು.

ಮೇಷ್ಟ್ರು ಈಗ ಸ್ಕ್ರೀನಿನ ಮುಂದೆ ತಾವೇ ಕೂತಿದ್ದರು. ಎಂಜಿನಿಯರ್ ಹಿಂದೆ ನಿಂತಿದ್ದಳು. ಫೈಲಿನ ಮೇಲ್ತುದಿಯಲ್ಲಿ, ಬರೆದವರು ಎಂಬಲ್ಲಿ ಅವರು ತಮ್ಮ ಹೆಸರನ್ನು ಅಳಿಸಿಬಿಟ್ಟಿದ್ದರು. ಆ ಜಾಗದಲ್ಲಿ ಏನೂ ಇರಲಿಲ್ಲ, ಒಂದು ಗೆರೆ ಮಾತ್ರ ಮಿಣುಕುತ್ತಿತ್ತು. ಸಹಿ ಬೇಕು ಎಂದು ಅವನು ಚೀಟಿ ಮುಂದೆ ಹಿಡಿದ. ಮುಖ ನೋಡದೆ ಹಿಡಿದ. ಮೇಷ್ಟ್ರು ಚೀಟಿ ಇಸಿದುಕೊಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಸಹಿ ಮಾಡುವ ಕಡೆ ನೋಡಲಿಲ್ಲ, ಮೇಲೆ ನೋಡಿದರು. ಬಂದವರ ಹೆಸರು ಎಂಬಲ್ಲಿ ಬೆರಳಿಟ್ಟು, ನಿಧಾನವಾಗಿ, ಪೂರ್ತಿಯಾಗಿ, ಗಟ್ಟಿಯಾಗಿ ಓದಿದರು. ಆ ಕಟ್ಟಡದೊಳಗೆ ಯಾರೂ ಇಷ್ಟು ವರ್ಷ ಅದನ್ನು ಉಚ್ಚರಿಸಿರಲಿಲ್ಲ. ಅವನಿಗೆ ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಚೀಟಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅದನ್ನೊಮ್ಮೆ ಕೀಬೋರ್ಡನ್ನೊಮ್ಮೆ ನೋಡಿಕೊಳ್ಳುತ್ತ, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದರು.

ಬೇಡ ಎಂದೆನಲ್ಲ, ಎಂದ. ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಎಂಜಿನಿಯರ್ ಅವನ ಕಡೆ ನೋಡಲಿಲ್ಲ. ಕಸಿದುಕೊಳ್ಳಬಹುದಿತ್ತು, ಮುದುಕರ ಕೈ, ಎಷ್ಟು ಹೊತ್ತಿನ ಮಾತು. ಆದರೆ ಸಹಿಯಿಲ್ಲದ ಚೀಟಿ ಹಿಡಿದು ಅವನು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ದ್ವೇಷ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಅದನ್ನು ಇಡುವ ಜಾಗವನ್ನು ಮಾತ್ರ ಅವರು ಅವನ ಕಣ್ಣೆದುರಿಗೇ ತುಂಬಿಸುತ್ತಿದ್ದರು.

"ಚೀಟಿ ಕೊಡಿ," ಎಂದು ಅವನು ಕೈ ಚಾಚಿದ.

"ತಾಳು," ಎಂದರು ಮೇಷ್ಟ್ರು, ತಲೆ ಎತ್ತದೆ. "ಇನ್ನೊಂದಕ್ಷರ ಇದೆ."

ಅವನು ಕೈ ಚಾಚಿಕೊಂಡೇ ನಿಂತಿದ್ದ.